ಮುಂಜಾನೆ ಸ್ಟಾರ್ಟ್ ಮಾಡಿದ ಕಾರು ನಡುಗಿದರೆ: ಇಂಜಿನ್ ತಣ್ಣಗಿರುವಾಗಲೇ ದೋಷ ಹಿಡಿಯುವ ಬಗೆ

ಮಾಗಿಯ ನಸುಕಿನಲ್ಲಿ ಕಾರು ಸ್ಟಾರ್ಟ್ ಮಾಡಿದರೆ ಸ್ಟೇರಿಂಗ್ ಕೈಯಲ್ಲೇ ನಡುಗುತ್ತದೆ. ಆರ್‌ಪಿಎಂ ಮುಳ್ಳು 500ಕ್ಕೆ ಇಳಿದು ಮತ್ತೆ ಏರುತ್ತದೆ. ಗೇರ್ ಹಾಕಿ ಕ್ಲಚ್ ಬಿಡುವಷ್ಟರಲ್ಲಿ ಗಾಡಿ ಆಫ್. ಐದಾರು ನಿಮಿಷ ಓಡಿಸಿದ ಮೇಲೆ ಏನೂ ಆಗೇ ಇಲ್ಲ ಎಂಬಂತೆ ಸರಿಹೋಗುತ್ತದೆ. ಹತ್ತು ಗಂಟೆಗೆ ಗ್ಯಾರೇಜಿಗೆ ಒಯ್ದರೆ ಮೆಕ್ಯಾನಿಕ್ ಬಾನೆಟ್ ಎತ್ತಿ, ಕಿವಿಗೊಟ್ಟು, "ಚೆನ್ನಾಗೇ ಐತಲ್ಲ ಸಾರ್" ಅನ್ನುತ್ತಾರೆ. ಅವರು ಸುಳ್ಳು ಹೇಳುತ್ತಿಲ್ಲ, ಅಷ್ಟು ಹೊತ್ತಿಗೆ ಇಂಜಿನ್ ಬಿಸಿಯಾಗಿ ದೋಷ ಅಡಗಿರುತ್ತದೆ. ಹಾಗಾಗಿ ಈ ಕಾಯಿಲೆಯನ್ನು ಬೆಳಗಿನ ಮೊದಲ ಐದು ನಿಮಿಷದಲ್ಲೇ ಹಿಡಿಯಬೇಕು. ಅದನ್ನು ಬಿಟ್ಟು ಊಹೆಯ ಮೇಲೆ ಕಿಡಿ ಹೊಡೆಯುವ ಪ್ಲಗ್, ಅದಕ್ಕೆ ಕರೆಂಟು ಕೊಡುವ ಕಾಯಿಲ್, ಸೆನ್ಸರ್ ಅಂತ ಒಂದೊಂದೇ ಬದಲಿಸುತ್ತ ಹೋದರೆ ದುಡ್ಡು ಖಾಲಿಯಾಗುತ್ತದೆ, ನಡುಕ ಉಳಿಯುತ್ತದೆ.

ತಪ್ಪನ್ನು ಚಳಿಯ ಮೇಲೆ ಹಾಕಿ ಸುಮ್ಮನಾಗುವಂತೆಯೂ ಇಲ್ಲ. ದಾವಣಗೆರೆ, ಚಿತ್ರದುರ್ಗದ ಕಡೆ ಡಿಸೆಂಬರ್–ಜನವರಿಯ ಬೆಳಗಿನ ಜಾವ ಉಷ್ಣಾಂಶ ಸಾಮಾನ್ಯವಾಗಿ 15 ಡಿಗ್ರಿಯ ಆಸುಪಾಸಿಗೆ ಇಳಿಯುತ್ತದೆ. ನಮಗೆ ಸ್ವೆಟರ್ ಬೇಕಾಗಬಹುದು, ಇಂಜಿನ್ನಿಗೆ ಅದು ಚಳಿಯೇ ಅಲ್ಲ. 15 ಡಿಗ್ರಿಯಲ್ಲಿ ನಡುಗುವ ಇಂಜಿನ್ನಿನಲ್ಲಿ ಏನೋ ಸವೆದಿದೆ, ಸೋರುತ್ತಿದೆ ಅಥವಾ ಕಟ್ಟಿಕೊಂಡಿದೆ ಎಂದೇ ಅರ್ಥ.

ಸರಿಯಾದ ಇಂಜಿನ್ ಬೆಳಿಗ್ಗೆ ಹೇಗಿರುತ್ತದೆ

ಫ್ಯೂಯಲ್ ಇಂಜೆಕ್ಷನ್ ಇರುವ ಪೆಟ್ರೋಲ್ ಕಾರು ಒಂದೆರಡು ಸೆಕೆಂಡಿನ ಸೆಲ್ಫಿಗೆ ಸ್ಟಾರ್ಟ್ ಆಗಿ 1,200ರಿಂದ 1,500 ಆರ್‌ಪಿಎಂನಲ್ಲಿ ನಿಲ್ಲಬೇಕು. ಬಿಸಿಯಾಗುತ್ತ ಹೋದಂತೆ ನಿಧಾನವಾಗಿ 700–850ಕ್ಕೆ ಇಳಿಯಬೇಕು. ತಣ್ಣಗಿನ ಇಂಜಿನ್ನಿನಲ್ಲಿ ಪೆಟ್ರೋಲಿನ ಒಂದು ಪಾಲು ಆವಿಯಾಗದೆ ಗೋಡೆಗೆ ಅಂಟಿಕೊಳ್ಳುತ್ತದೆ. ಅದನ್ನು ಸರಿದೂಗಿಸಲು ಇಸಿಯು, ಅಂದರೆ ಇಂಜಿನ್ನಿನ ಕಂಪ್ಯೂಟರ್, ಹೆಚ್ಚು ಪೆಟ್ರೋಲ್ ಚಿಮ್ಮಿಸುತ್ತದೆ, ಗಾಳಿಯನ್ನೂ ಹೆಚ್ಚು ಬಿಡುತ್ತದೆ. ಈ ಹೊತ್ತಿನಲ್ಲಿ ಸೈಲೆನ್ಸರಿನ ಆಕ್ಸಿಜನ್ ಸೆನ್ಸರ್ ಇನ್ನೂ ಕಾದಿರುವುದಿಲ್ಲ, ಹಾಗಾಗಿ ಇಸಿಯು ತನ್ನ ಲೆಕ್ಕ ಸರಿಯೋ ತಪ್ಪೋ ಎಂದು ನೋಡಿಕೊಳ್ಳಲಾರದು. ಬಿಸಿಯಾದ ಮೇಲೆ ಸೆನ್ಸರ್ ಕೆಲಸಕ್ಕಿಳಿದು ಸಣ್ಣಪುಟ್ಟ ತಪ್ಪನ್ನೆಲ್ಲ ಮುಚ್ಚಿಹಾಕುತ್ತದೆ. ದೋಷ ಬೆಳಿಗ್ಗೆ ಮಾತ್ರ ಕಾಣಿಸಲು ಇದೇ ಮುಖ್ಯ ಕಾರಣ.

ಮೊದಲ ಅರ್ಧ–ಒಂದು ನಿಮಿಷ ಶಬ್ದ ಸ್ವಲ್ಪ ಒರಟಾಗಿದ್ದರೆ ಗಾಬರಿ ಬೇಡ. ಹೊಗೆಯ ವಿಷ ಕಡಿಮೆ ಮಾಡುವ ಕ್ಯಾಟಲಿಟಿಕ್ ಕನ್ವರ್ಟರನ್ನು ಬೇಗ ಕಾಯಿಸಲು ಹಲವು ಕಾರುಗಳು ಕಿಡಿ ಹೊಡೆಯುವ ಸಮಯವನ್ನು (ಇಗ್ನಿಷನ್ ಟೈಮಿಂಗ್) ಬೇಕೆಂದೇ ತಡ ಮಾಡುತ್ತವೆ. ಸೈಲೆನ್ಸರ್ ತುದಿಯಿಂದ ನೀರು ತೊಟ್ಟಿಕ್ಕುವುದು, ತೆಳು ಬಿಳಿ ಆವಿ ಬಂದು ಮಾಯವಾಗುವುದು ಕೂಡ ಸಹಜವೇ.

ಬಾನೆಟ್ ಎತ್ತುವ ಮೊದಲು

ಬಾಗಿಲು ಮುಚ್ಚಿದ ಶೆಡ್ಡಿನಲ್ಲಿ ಇಂಜಿನ್ ಚಾಲೂ ಇಡಲೇಬೇಡಿ. ಕಾರ್ಬನ್ ಮಾನಾಕ್ಸೈಡಿಗೆ ವಾಸನೆಯಿಲ್ಲ, ಅದು ಜೀವವನ್ನೇ ತೆಗೆಯುತ್ತದೆ. ತಣ್ಣಗಿನ ಇಂಜಿನ್ನಿನಿಂದ ಅದು ಹೆಚ್ಚು ಹೊರಬರುತ್ತದೆ ಕೂಡ. ಕಾರನ್ನು ಹಿಂದಿನ ರಾತ್ರಿಯೇ ಬಯಲಿಗೆ ನಿಲ್ಲಿಸಿ. ಗೇರ್ ನ್ಯೂಟ್ರಲ್‌ನಲ್ಲಿ ಇರಲಿ, ಹ್ಯಾಂಡ್‌ಬ್ರೇಕ್ ಎಳೆದು ಚಕ್ರಕ್ಕೆ ಕಲ್ಲು ಕೊಡಿ. ಹೆಗಲ ಟವೆಲ್, ಶಾಲು, ಸೆರಗು, ಸಡಿಲ ತೋಳು ಬೆಲ್ಟಿನ ಹತ್ತಿರ ಸುಳಿಯಬಾರದು. ರೇಡಿಯೇಟರ್ ಫ್ಯಾನ್ ಹೇಳದೆ ಕೇಳದೆ ತಿರುಗುತ್ತದೆ. ಬಿಸಿ ಇಂಜಿನ್ನಿನ ಕೂಲೆಂಟ್ ಮುಚ್ಚಳ ತೆಗೆಯಬೇಡಿ. ಇಂಜಿನ್ ಚಾಲೂ ಇರುವಾಗ ಕಾಯಿಲ್ ಕಿತ್ತು "ಕಿಡಿ ಬರ್ತದಾ" ಅಂತ ನೋಡುವ ಹಳೆಯ ಪದ್ಧತಿ ಈಗಿನ ಗಾಡಿಗಳಿಗೆ ಸಲ್ಲದು. ಕೈಗೂ ಪೆಟ್ಟು, ಇಸಿಯುಗೂ ಪೆಟ್ಟು.

ಸಾಮಾನು ಹೆಚ್ಚು ಬೇಡ: ಟಾರ್ಚ್, ಮಲ್ಟಿಮೀಟರ್, ಪ್ಲಗ್ ಪಾನಾ, ನೀರಿನ ಸ್ಪ್ರೇ ಬಾಟಲಿ. ಜೊತೆಗೆ ಸಾವಿರ ರೂಪಾಯಿ ಆಸುಪಾಸಿನ ಬ್ಲೂಟೂತ್ ಓಬಿಡಿ ಸ್ಕ್ಯಾನರ್ (ಇಸಿಯು ದಾಖಲಿಸಿದ ದೋಷದ ಕೋಡ್ ಓದುವ ಸಾಧನ) ಇದ್ದರೆ ಮೊಬೈಲ್‌ನಲ್ಲೇ ಅರ್ಧ ಕಾಯಿಲೆ ಓದಬಹುದು. ಇಷ್ಟರಲ್ಲಿ ಒಂದನ್ನು ಮಾತ್ರ ಕೊಳ್ಳುವುದಾದರೆ ಸ್ಕ್ಯಾನರನ್ನೇ ಕೊಳ್ಳಿ.

ಸೆಲ್ಫ್ ಎಳೆಯುವುದೇ ನಿಧಾನ, ಸ್ಟಾರ್ಟ್ ಆದ ಮೇಲೂ ಸುಸ್ತು

ಮೊದಲು ಬ್ಯಾಟರಿ ನೋಡಿ. ರಾತ್ರಿಯಿಡೀ ನಿಂತ ಕಾರಿನಲ್ಲಿ, ಬಾಗಿಲು ತೆರೆದು ದೀಪ ಹತ್ತಿಸುವ ಮೊದಲೇ, ಮಲ್ಟಿಮೀಟರ್ 12.6 ವೋಲ್ಟ್ ತೋರಿಸಿದರೆ ಪೂರ್ತಿ ಚಾರ್ಜ್ ಇದೆ. 12.2 ಅಂದರೆ ಅರ್ಧ ಖಾಲಿ. ಸೆಲ್ಫ್ ಹೊಡೆಯುವಾಗ 9.6ಕ್ಕಿಂತ ಕೆಳಗೆ ಬಿದ್ದರೆ ಬ್ಯಾಟರಿ ಸೋತಿದೆ, ಅಥವಾ ಟರ್ಮಿನಲ್ ಸಡಿಲವಾಗಿದೆ. ಟರ್ಮಿನಲ್ ಮೇಲೆ ಬಿಳಿ–ಹಸಿರು ಪುಡಿ ಕಟ್ಟಿದ್ದರೆ ನೆಗೆಟಿವ್ ವೈರನ್ನು ಮೊದಲು ಬಿಚ್ಚಿ, ಬಿಸಿನೀರಲ್ಲಿ ಅಡುಗೆ ಸೋಡಾ ಕಲಸಿ ಬ್ರಶ್ಶಿನಿಂದ ಉಜ್ಜಿ, ಒಣಗಿಸಿ ಬಿಗಿ ಮಾಡಿ. ಹಾಕುವಾಗ ನೆಗೆಟಿವ್ ಕೊನೆಗೆ. ಇಂಜಿನ್ ಚಾಲೂ ಇರುವಾಗ 13.8–14.5 ವೋಲ್ಟ್ ಬರದಿದ್ದರೆ ಆಲ್ಟರ್ನೇಟರ್ ಕಡೆ ನೋಡಬೇಕು.

ಇಂಜಿನ್ ಆಯಿಲ್ ಕೂಡ ಇಲ್ಲೇ ಬರುತ್ತದೆ. 0ಡಬ್ಲ್ಯೂ-20 ಅಥವಾ 5ಡಬ್ಲ್ಯೂ-30 ಕೇಳುವ ಇಂಜಿನ್ನಿಗೆ "ದಪ್ಪ ಇದ್ದರೆ ಒಳ್ಳೇದು" ಅಂತ 20ಡಬ್ಲ್ಯೂ-50 ಸುರಿದರೆ ಬೆಳಿಗ್ಗೆ ಆಯಿಲ್ ಪಾಕದಂತೆ ನಿಧಾನ ಹರಿಯುತ್ತದೆ, ಇಂಜಿನ್ ಭಾರವಾಗಿ ತಿರುಗುತ್ತದೆ. ಕಾರಿನ ಪುಸ್ತಕದಲ್ಲಿ ಬರೆದಿರುವ ಗ್ರೇಡ್ ಬಿಟ್ಟು ಬೇರೆ ಹಾಕಿಸಬೇಡಿ.

ಸ್ಟಾರ್ಟ್ ಆಗುತ್ತದೆ, ಕಾಲು ತೆಗೆದರೆ ಆಫ್

ಆಕ್ಸಿಲರೇಟರ್ ಮೇಲೆ ಕಾಲಿಟ್ಟರೆ ನಿಲ್ಲುತ್ತದೆ, ತೆಗೆದರೆ ಸಾಯುತ್ತದೆ ಎಂದರೆ ಐಡ್ಲಿಂಗಿಗೆ, ಅಂದರೆ ಆಕ್ಸಿಲರೇಟರ್ ಒತ್ತದೆ ಇಂಜಿನ್ ತಾನೇ ಓಡುತ್ತಿರಲು, ಬೇಕಾದ ಗಾಳಿ ಸಿಗುತ್ತಿಲ್ಲ. ನಮ್ಮ ಭಾಗದಲ್ಲಿ ಇದು ತುಂಬ ಸಾಮಾನ್ಯ. ಚಿತ್ರದುರ್ಗದ ಬಯಲಿನ ಒಣ ಗಾಳಿ, ಭೀಮಸಮುದ್ರ–ಹೊಳಲ್ಕೆರೆ ಕಡೆ ಅದಿರು ಲಾರಿ ಎಬ್ಬಿಸುವ ಕೆಂಧೂಳು, ದಾವಣಗೆರೆಯ ಸುತ್ತ ಮೆಕ್ಕೆಜೋಳ ಒಕ್ಕುವ ಕಾಲದ ಹೊಟ್ಟು, ಎಲ್ಲ ಏರ್ ಫಿಲ್ಟರಿಗೇ ಬಂದು ಕೂರುತ್ತದೆ. ಪುಸ್ತಕದಲ್ಲಿ ಬರೆದ ಕಿಲೋಮೀಟರ್ ಸಾಧಾರಣ ರಸ್ತೆಯದ್ದು. ಇಂಥ ಧೂಳಿನಲ್ಲಿ ಓಡುವ ಗಾಡಿಗೆ ಅದರ ಅರ್ಧಕ್ಕೇ ಫಿಲ್ಟರ್ ಬಿಚ್ಚಿ ನೋಡಬೇಕು. ಬೆಳಕಿಗೆ ಹಿಡಿದಾಗ ಕಾಗದದ ಮಡಿಕೆಗಳ ಮೂಲಕ ಬೆಳಕು ಕಾಣದಿದ್ದರೆ ಬದಲಿಸಿ. ಕಾಗದದ ಫಿಲ್ಟರನ್ನು ನೀರಲ್ಲಿ ತೊಳೆಯಬಾರದು. ಕಂಪ್ರೆಸರ್ ಗಾಳಿಯನ್ನು ತೀರ ಹತ್ತಿರದಿಂದ ಹೊಡೆದರೆ ಕಾಗದದಲ್ಲಿ ಸೂಜಿಯಷ್ಟು ತೂತು ಬಿದ್ದು ಧೂಳು ನೇರ ಸಿಲಿಂಡರಿಗೆ ಹೋಗುತ್ತದೆ.

ಫಿಲ್ಟರ್ ಸರಿಯಿದ್ದರೆ ಥ್ರಾಟಲ್ ಬಾಡಿ ನೋಡಿ, ಇಂಜಿನ್ನಿಗೆ ಎಷ್ಟು ಗಾಳಿ ಹೋಗಬೇಕೆಂದು ತಡೆದು ಬಿಡುವ ಬಾಗಿಲು ಅದು. ಗಾಳಿಯ ದಪ್ಪ ಪೈಪ್ ಕಳಚಿ ಟಾರ್ಚ್ ಬಿಟ್ಟರೆ ಒಳಗೆ ಹಿತ್ತಾಳೆ ಅಥವಾ ಅಲ್ಯೂಮಿನಿಯಂ ಬಣ್ಣದ ಗುಂಡಗಿನ ತಟ್ಟೆ ಕಾಣುತ್ತದೆ. ಅದರ ಅಂಚು ಗೋಡೆಗೆ ತಾಗುವ ಜಾಗದಲ್ಲಿ ಉಗುರು ಎಳೆದರೆ ಕಪ್ಪು ಅಂಟು ಬರುತ್ತದೆ. ಐಡ್ಲಿಂಗಿನಲ್ಲಿ ಗಾಳಿ ಹೋಗುವುದು ಕೂದಲೆಳೆಯಷ್ಟಿರುವ ಆ ಸಂದಿನಿಂದಲೇ. ಅಂಟು ಕಟ್ಟಿದರೆ ಸಂದು ಮುಚ್ಚಿತು, ಇಂಜಿನ್ನಿನ ಉಸಿರು ಕಟ್ಟಿತು. ಥ್ರಾಟಲ್ ಬಾಡಿ ಕ್ಲೀನರನ್ನು ಮೃದು ಬಟ್ಟೆಗೆ ಹೊಡೆದುಕೊಂಡು ಆ ಅಂಚನ್ನು ಒರೆಸಿ. ಇಂಜಿನ್ ಆಫ್ ಇರಬೇಕು, ತಣ್ಣಗಿರಬೇಕು, ಬೀಡಿ–ಸಿಗರೇಟು ದೂರ. ಎಲೆಕ್ಟ್ರಾನಿಕ್ ಥ್ರಾಟಲ್ ಇರುವ ಕಾರಿನಲ್ಲಿ ತಟ್ಟೆಯನ್ನು ಬೆರಳಿಂದ ಒತ್ತಿ ತೆರೆಯಬೇಡಿ, ಒಳಗಿನ ಪ್ಲಾಸ್ಟಿಕ್ ಹಲ್ಲುಚಕ್ರ ಹಾಳಾಗುತ್ತದೆ. ಕೀ ಆನ್ ಇರುವಾಗಲಂತೂ ಬೆರಳು ಇಡಲೇಬೇಡಿ. ಕ್ಲೀನ್ ಮಾಡಿದ ಮೇಲೆ ಐಡ್ಲಿಂಗ್ ಒಮ್ಮೆಲೇ ಏರಿದರೆ ಹೆದರಬೇಡಿ. ಇಸಿಯು ಹಳೆಯ ಅಂಟಿನ ಲೆಕ್ಕದಲ್ಲೇ ಇರುತ್ತದೆ. ಕೆಲವು ಕಾರು ಓಡುತ್ತ ತಾವೇ ಕಲಿತುಕೊಳ್ಳುತ್ತವೆ, ಕೆಲವಕ್ಕೆ ಸ್ಕ್ಯಾನರಿನಿಂದ ರೀಸೆಟ್ ಬೇಕು.

ಕೇಬಲ್ ಥ್ರಾಟಲಿನ ಹಳೆಯ ಕಾರುಗಳಲ್ಲಿ ಪಕ್ಕದಲ್ಲೇ ಐಡಲ್ ಕಂಟ್ರೋಲ್ ವಾಲ್ವ್ ಇರುತ್ತದೆ. ಅದರ ಮೊಳೆಗೂ ಇದೇ ಕಾರ್ಬನ್ ಹಿಡಿಯುತ್ತದೆ, ಚಿಕಿತ್ಸೆಯೂ ಇದೇ. ಐಡ್ಲಿಂಗ್ ಏರಿಸಲು ಥ್ರಾಟಲಿನ ಸ್ಟಾಪ್ ಸ್ಕ್ರೂ ತಿರುಗಿಸುವುದು ಮಾತ್ರ ತಪ್ಪು. ಬೆಳಗಿನ ನಡುಕ ಮುಚ್ಚಿಹೋಗುತ್ತದೆ, ಸಂಜೆ ಟ್ರಾಫಿಕ್ಕಿನಲ್ಲಿ ಇಂಜಿನ್ 1,200ಕ್ಕೆ ಕೂಗುತ್ತದೆ.

ಆರ್‌ಪಿಎಂ ಉಯ್ಯಾಲೆಯಾಡುತ್ತದೆ, ಎಲ್ಲೋ "ಸುಯ್" ಅನ್ನುತ್ತದೆ

ಲೆಕ್ಕಕ್ಕೆ ಸಿಗದ ಗಾಳಿ ಒಳಗೆ ನುಗ್ಗುತ್ತಿದೆ. ರಬ್ಬರ್, ಪ್ಲಾಸ್ಟಿಕ್ ತಣ್ಣಗಿದ್ದಾಗ ಗಟ್ಟಿಯಾಗಿ ಕುಗ್ಗಿರುತ್ತವೆ, ಸಂದು ತೆರೆದಿರುತ್ತದೆ. ಬಿಸಿಯಾದ ಮೇಲೆ ಹಿಗ್ಗಿ ಮುಚ್ಚಿಕೊಳ್ಳುತ್ತದೆ.

ಇತ್ತೀಚೆಗೆ ಸರ್ವಿಸ್ ಆದ ಗಾಡಿಯೇ? ಹಾಗಿದ್ದರೆ ಆಯಿಲ್ ಮುಚ್ಚಳ, ಡಿಪ್‌ಸ್ಟಿಕ್ ಪೂರ್ತಿ ಕೂತಿವೆಯೇ, ಏರ್ ಫಿಲ್ಟರ್ ಡಬ್ಬದ ಕ್ಲಿಪ್ ಹಾಕಿದೆಯೇ ಅಂತ ಮೊದಲು ನೋಡಿ. ಹಲವು ಇಂಜಿನ್‌ಗಳಲ್ಲಿ ಆಯಿಲ್ ಮುಚ್ಚಳ ಸಡಿಲವಾದರೂ ಸಾಕು, ಐಡ್ಲಿಂಗ್ ಕೆಡುತ್ತದೆ. ಆಮೇಲೆ ಹೋಸ್‌ಗಳು. ಒಂದೊಂದನ್ನೇ ಬಗ್ಗಿಸಿ ನೋಡಿ, ಬಿರುಕು ಹೆಚ್ಚಾಗಿ ಕ್ಲಿಪ್ಪಿನ ಅಡಿಯಲ್ಲಿ, ಬಾಗುವ ಮೊಣಕೈಯಲ್ಲಿ ಇರುತ್ತದೆ. ಸುಗ್ಗಿ ಮುಗಿದು ಮನೆಗೆ ಭತ್ತ, ಜೋಳದ ಚೀಲ ಬಂದ ಮೇಲೆ ಇಲಿಗಳೂ ಬರುತ್ತವೆ. ರಾತ್ರಿ ಬೆಚ್ಚಗಿರುವ ಇಂಜಿನ್ನಿನ ಮೇಲೆ ಕೂತು ಹೋಸ್, ವೈರ್ ಎರಡನ್ನೂ ಕಡಿಯುತ್ತವೆ. ಹಿಕ್ಕೆ, ಹುಲ್ಲು, ಹೊಟ್ಟು ಕಂಡರೆ ಇಂಜೆಕ್ಟರ್ ವೈರ್‌ಗಳನ್ನು ಬುಡದಿಂದ ತುದಿವರೆಗೆ ನೋಡಿ.

ಕಣ್ಣಿಗೆ ಕಾಣದಿದ್ದರೆ ಇಂಜಿನ್ ಚಾಲೂ ಇಟ್ಟು ಅನುಮಾನವಿರುವ ಹೋಸಿನ ಜೋಡಣೆಗೆ ಸ್ವಲ್ಪ ನೀರು ಸಿಂಪಡಿಸಿ. ಆ ಕ್ಷಣಕ್ಕೆ ಶಬ್ದವೋ ಆರ್‌ಪಿಎಂ ಮುಳ್ಳೋ ಬದಲಾದರೆ ಸೋರುವುದು ಅಲ್ಲೇ. ಕಾಯಿಲ್, ಕನೆಕ್ಟರ್ ಮೇಲೆ ನೀರು ಬೀಳಬಾರದು. ಇದಕ್ಕೆ ಪೆಟ್ರೋಲ್ ಅಥವಾ ಕಾರ್ಬ್ ಕ್ಲೀನರ್ ಹೊಡೆಯುವವರಿದ್ದಾರೆ, ದಯವಿಟ್ಟು ಬೇಡ, ಒಂದು ಕಿಡಿಗೆ ಬಾನೆಟ್ಟೇ ಹೊತ್ತಿಕೊಳ್ಳುತ್ತದೆ. ಸ್ಕ್ಯಾನರಿನಲ್ಲಿ ಲಾಂಗ್ ಟರ್ಮ್ ಫ್ಯೂಯಲ್ ಟ್ರಿಮ್ (ಇಸಿಯು ತಾನಾಗಿ ಹೆಚ್ಚಿಸಿಕೊಂಡ ಪೆಟ್ರೋಲಿನ ಲೆಕ್ಕ) ಶೇ. 10 ದಾಟಿದ್ದರೆ, ಅಥವಾ ಪಿ0171 ಕೋಡ್ ಇದ್ದರೆ ಇಂಜಿನ್ನಿಗೆ ಗಾಳಿ ಹೆಚ್ಚು, ಪೆಟ್ರೋಲ್ ಕಡಿಮೆ ಎಂಬುದು ಗಟ್ಟಿಯಾಯಿತು.

"ಸುಯ್" ಶಬ್ದ ಬ್ರೇಕ್ ಪೆಡಲ್ ಹತ್ತಿರ ಕೇಳಿ, ಪೆಡಲ್ಲೂ ಗಟ್ಟಿಯಾಗಿದ್ದರೆ ಬ್ರೇಕ್ ಬೂಸ್ಟರ್ ಅಥವಾ ಅದರ ಹೋಸ್ ಹೋಗಿದೆ. ಆ ಗಾಡಿಯನ್ನು ಓಡಿಸಬೇಡಿ, ಮೆಕ್ಯಾನಿಕ್ಕನ್ನೇ ಮನೆಗೆ ಕರೆಸಿ.

ಲಯ ತಪ್ಪಿ ಮಿಸ್ಸಿಂಗ್ ಹೊಡೆಯುತ್ತದೆ

ಸೈಲೆನ್ಸರ್ ತುದಿಗೆ ಅಂಗೈ ಒಡ್ಡಿ, ಒಂದು ಗೇಣು ದೂರದಲ್ಲಿ. ಗಾಳಿ ಒಂದೇ ಸಮ ಬರಬೇಕು. ನಡುನಡುವೆ "ಪಕ್" ಅಂತ ತಪ್ಪಿದರೆ ಒಂದು ಸಿಲಿಂಡರ್ ಕೆಲಸ ಮಾಡುತ್ತಿಲ್ಲ. ಪಿ0301ರಿಂದ ಪಿ0304ರವರೆಗಿನ ಕೋಡ್ ಯಾವ ಸಿಲಿಂಡರ್ ಎಂದು ನೇರವಾಗಿ ಹೇಳುತ್ತದೆ.

ಪ್ಲಗ್ ಬಿಚ್ಚುವುದು ತಣ್ಣಗಿರುವಾಗ ಮಾತ್ರ. ಅಲ್ಯೂಮಿನಿಯಂ ಹೆಡ್ (ಸಿಲಿಂಡರಿನ ಮೇಲಿನ ಮುಚ್ಚಳದ ಭಾಗ) ಬಿಸಿಯಿದ್ದರೆ ಪ್ಲಗ್ ಕೂರುವ ತಿರುಪಿನ ಹಲ್ಲೇ ಕಿತ್ತು ಬರುತ್ತದೆ. ಬಿಚ್ಚುವ ಮೊದಲು ಗುಳಿಯೊಳಗಿನ ಧೂಳನ್ನು ಊದಿ ತೆಗೆಯಿರಿ, ಇಲ್ಲವಾದರೆ ಅದೆಲ್ಲ ಸಿಲಿಂಡರಿಗೆ ಬೀಳುತ್ತದೆ. ನಾಲ್ಕೂ ಪ್ಲಗ್ಗನ್ನು ಅದೇ ಕ್ರಮದಲ್ಲಿ ಬಿಳಿ ಬಟ್ಟೆಯ ಮೇಲೆ ಜೋಡಿಸಿ ನೋಡಿ. ತುದಿ ತಿಳಿ ಕಂದು, ಹುರಿದ ರಾಗಿಯ ಬಣ್ಣದ ಹತ್ತಿರ ಇದ್ದರೆ ಆರೋಗ್ಯ. ನಾಲ್ಕೂ ಒಣ ಮಸಿ ಹಿಡಿದಿದ್ದರೆ ಪೆಟ್ರೋಲ್ ಹೆಚ್ಚಾಗುತ್ತಿದೆ. ಸುಣ್ಣದಂತೆ ಬೆಳ್ಳಗಿದ್ದರೆ ಗಾಳಿ ಸೋರಿಕೆ ಅಥವಾ ಪೆಟ್ರೋಲ್ ಕೊರತೆ. ಒಂದೇ ಒಂದು ಎಣ್ಣೆಯಲ್ಲಿ ಅದ್ದಿದಂತಿದ್ದರೆ ಆ ಸಿಲಿಂಡರಿನ ರಿಂಗ್ ಅಥವಾ ವಾಲ್ವ್ ಸೀಲ್. ಪ್ಲಗ್ಗಿನ ತಿರುಪಿನ ಭಾಗಕ್ಕೆ ಮಾತ್ರ ಎಣ್ಣೆಯಿದ್ದರೆ ಅಷ್ಟು ಗಂಭೀರವಲ್ಲ, ಮೇಲಿನ ಕವರಿನ ರಬ್ಬರ್ ಸೀಲ್ ಬದಲಿಸಿದರೆ ಸಾಕು. ಮೂರು ಕಂದಾಗಿದ್ದು ಒಂದು ಮಾತ್ರ ತೊಳೆದಿಟ್ಟಂತೆ ಹೊಳೆಯುತ್ತಿದ್ದರೆ ಅಲ್ಲಿಗೇ ನಿಲ್ಲಿ. ಅಲ್ಲಿ ಕೂಲೆಂಟ್ ಒಳಸೇರುತ್ತಿರಬಹುದು.

ಗ್ಯಾಪ್ ಹೆಚ್ಚಿನ ಕಾರುಗಳಲ್ಲಿ 0.8ರಿಂದ 1.1 ಮಿ.ಮೀ., ನಿಖರ ಅಳತೆ ಪುಸ್ತಕದಲ್ಲಿದೆ. ಸವೆದು ಗ್ಯಾಪ್ ಹೆಚ್ಚಾದ ಪ್ಲಗ್ ಬಿಸಿಯಲ್ಲಿ ಹೇಗೋ ಉರಿಸುತ್ತದೆ, ತಣ್ಣನೆಯ ಒದ್ದೆ ಮಿಶ್ರಣದಲ್ಲಿ ಸೋಲುತ್ತದೆ. ಈಗ ಬಂಕುಗಳಲ್ಲಿ ಸಿಗುವುದು ಶೇ. 20ರವರೆಗೆ ಎಥನಾಲ್ ಬೆರೆತ ಪೆಟ್ರೋಲ್. ಆವಿಯಾಗಲು ಎಥನಾಲಿಗೆ ಪೆಟ್ರೋಲಿಗಿಂತ ಎರಡು ಪಟ್ಟಿಗೂ ಹೆಚ್ಚು ಶಾಖ ಬೇಕು, ಹಾಗಾಗಿ ಮೊದಲು ನಡೆದುಹೋಗುತ್ತಿದ್ದ ದುರ್ಬಲ ಪ್ಲಗ್ಗಿನ ಬಣ್ಣ ಈಗ ಬೆಳಿಗ್ಗೆಯೇ ಬಯಲಾಗುತ್ತದೆ. ಇರಿಡಿಯಂ ಪ್ಲಗ್ಗಿನ ತುದಿ ಸೂಜಿಯಂತೆ ನಾಜೂಕು. ಅದನ್ನು ಬ್ರಶ್ಶಿನಲ್ಲಿ ಉಜ್ಜಬೇಡಿ, ಗ್ಯಾಪ್ ಬಗ್ಗಿಸಬೇಡಿ. ಹೊಸ ಪ್ಲಗ್ಗನ್ನು ಮೊದಲು ಬರಿಗೈಯಲ್ಲಿ ಪೂರ್ತಿ ತಿರುಗಿಸಿ, ಆಮೇಲೆ ಪಾನಾ.

ಪ್ಲಗ್ ಚೆನ್ನಾಗಿದ್ದರೆ ಕಾಯಿಲ್. ದುಡ್ಡೇ ಖರ್ಚಿಲ್ಲದ ಪರೀಕ್ಷೆ ಇದು: ಕೋಡ್ 2ನೇ ಸಿಲಿಂಡರ್ ಎಂದಿದ್ದರೆ ಆ ಕಾಯಿಲನ್ನು 3ನೆಯದರ ಜಾಗಕ್ಕೆ ಹಾಕಿ, ಅಲ್ಲಿನದನ್ನು ಇಲ್ಲಿಗೆ ತನ್ನಿ. ಕೋಡ್ ಅಳಿಸಿ ಮರುದಿನ ಬೆಳಿಗ್ಗೆ ಸ್ಟಾರ್ಟ್ ಮಾಡಿ. ಪಿ0303 ಬಂದರೆ ದೋಷ ಕಾಯಿಲಿನ ಜೊತೆ ಹೋಯಿತು, ಒಂದೇ ಕಾಯಿಲ್ ಬದಲಿಸಿ. ಪಿ0302 ಹಾಗೇ ಉಳಿದರೆ ಕಾಯಿಲ್ ನಿರ್ದೋಷಿ, ಇಂಜೆಕ್ಟರ್, ವೈರಿಂಗ್, ಕಂಪ್ರೆಷನ್ ನೋಡಬೇಕು. ಭದ್ರಾ ನಾಲೆಯ ಗದ್ದೆ ಬಯಲಿನಲ್ಲಿ ಇಬ್ಬನಿ ಬಿದ್ದ ದಿನ ಮಾತ್ರ ಮಿಸ್ಸಿಂಗ್ ಬರುತ್ತದೆ ಎಂದರೆ ಕಾಯಿಲಿನ ರಬ್ಬರ್ ಬೂಟಿನಲ್ಲಿ ಬಿರುಕಿರುವ ಸಂಭವ ಹೆಚ್ಚು.

ಕಪ್ಪು ಹೊಗೆ, ಪೆಟ್ರೋಲ್ ವಾಸನೆ; ಅಥವಾ ಆರ್‌ಪಿಎಂ ಏರುವುದೇ ಇಲ್ಲ

ಎರಡಕ್ಕೂ ಕೂಲೆಂಟ್ ಟೆಂಪರೇಚರ್ ಸೆನ್ಸರ್ ಕಾರಣವಾಗಬಹುದು. ಇಂಜಿನ್ ತಣ್ಣಗಿದೆಯೋ ಬಿಸಿಯಿದೆಯೋ ಎಂದು ಇಸಿಯು ನಂಬುವುದು ಇದರ ಮಾತನ್ನೇ. ತಣ್ಣಗಿದ್ದಾಗ "80 ಡಿಗ್ರಿ ಇದೆ" ಎಂದು ಸುಳ್ಳು ಹೇಳಿದರೆ ಹೆಚ್ಚುವರಿ ಪೆಟ್ರೋಲ್ ಸಿಗುವುದಿಲ್ಲ. "ಸೊನ್ನೆಗಿಂತ ಕೆಳಗಿದೆ" ಎಂದರೆ ಬೇಡದಷ್ಟು ಸುರಿಯುತ್ತದೆ.

ಇಡೀ ಬರಹದಲ್ಲಿ ಅತ್ಯಂತ ಸುಲಭದ, ಅತ್ಯಂತ ಉಪಯೋಗದ ಪರೀಕ್ಷೆ ಇದೇ. ಬೆಳಿಗ್ಗೆ ಇಂಜಿನ್ ಸ್ಟಾರ್ಟ್ ಮಾಡದೆ ಕೀ ಆನ್ ಮಾಡಿ, ಸ್ಕ್ಯಾನರಿನಲ್ಲಿ ಕೂಲೆಂಟ್ ಉಷ್ಣಾಂಶ ಮತ್ತು ಒಳಗೆ ಬರುವ ಗಾಳಿಯ ಉಷ್ಣಾಂಶ ಎರಡನ್ನೂ ಓದಿ. ರಾತ್ರಿಯಿಡೀ ನಿಂತ ಕಾರಿನಲ್ಲಿ ಎರಡೂ ಹೊರಗಿನ ಉಷ್ಣಾಂಶಕ್ಕೆ ನಾಲ್ಕೈದು ಡಿಗ್ರಿಯೊಳಗೆ ಹೊಂದಬೇಕು. ಹೊರಗೆ 16, ಗಾಳಿ 17, ಕೂಲೆಂಟ್ 41 ಎಂದು ತೋರಿಸಿದರೆ ಸೆನ್ಸರ್ ಅಥವಾ ಅದರ ಕನೆಕ್ಟರ್ ಕೆಟ್ಟಿದೆ. ಸ್ಕ್ಯಾನರ್ ಇಲ್ಲದವರು ಕನೆಕ್ಟರ್ ಕಿತ್ತು ಮಲ್ಟಿಮೀಟರಿನಲ್ಲಿ ಅಳೆಯಬಹುದು: ಸಾಮಾನ್ಯ ಸೆನ್ಸರ್ 20 ಡಿಗ್ರಿಯಲ್ಲಿ 2–3 ಕಿಲೋ ಓಮ್, 80 ಡಿಗ್ರಿಯಲ್ಲಿ 300 ಓಮಿನ ಆಸುಪಾಸು ತೋರಿಸುತ್ತದೆ. ಸೆನ್ಸರ್ ಕೊಳ್ಳುವ ಮೊದಲು ಕನೆಕ್ಟರಿನ ಒಳಗೆ ಹಸಿರು ಕಿಲುಬು ಇದೆಯೇ ನೋಡಿ.

ಹದಿನೈದು ನಿಮಿಷ ಹೆದ್ದಾರಿಯಲ್ಲಿ ಓಡಿಸಿದರೂ ಉಷ್ಣಾಂಶ 80 ಮುಟ್ಟದಿದ್ದರೆ ಥರ್ಮೋಸ್ಟಾಟ್ (ಇಂಜಿನ್ ಬಿಸಿಯಾಗುವವರೆಗೆ ಕೂಲೆಂಟನ್ನು ರೇಡಿಯೇಟರಿಗೆ ಬಿಡದ ವಾಲ್ವ್) ತೆರೆದೇ ನಿಂತಿದೆ. "ನಮ್ಮ ಬಿಸಿಲಿಗೆ ಥರ್ಮೋಸ್ಟಾಟ್ ಬೇಡ" ಎಂದು ಅದನ್ನು ಕಿತ್ತೇ ಬಿಸಾಡಿದ ಗಾಡಿಗಳೂ ಇವೆ. ಅಂಥ ಇಂಜಿನ್ ದಿನವಿಡೀ ಅರೆಬಿಸಿಯಲ್ಲಿ ಓಡಿ, ಪೆಟ್ರೋಲ್ ಕುಡಿದು, ಬೇಗ ಸವೆಯುತ್ತದೆ. ಹೊಸದು ಹಾಕಿಸಿ.

ಮೊದಲ ಹತ್ತಿಪ್ಪತ್ತು ಸೆಕೆಂಡ್ ಮಾತ್ರ ಒದ್ದಾಟ

ರಾತ್ರಿಯೆಲ್ಲ ಏನೋ ಸೋರಿದೆ. ಏನು ಸೋರಿದೆ ಎಂಬುದನ್ನು ಹೊಗೆ ಹೇಳುತ್ತದೆ.

ಹೊಗೆಯಿಲ್ಲ, ಸೆಲ್ಫ್ ಮಾತ್ರ ಉದ್ದ ಎಳೆಯುತ್ತದೆ ಎಂದರೆ ಪೆಟ್ರೋಲ್ ಲೈನಿನ ಪ್ರೆಶರ್ ಇಳಿದಿದೆ. ಕೀಯನ್ನು ಆನ್ ಮಾಡಿ ಮೂರು ಸೆಕೆಂಡ್ ತಡೆದು ಆಫ್ ಮಾಡಿ. ಹೀಗೆ ಮೂರು ಸಲ ಮಾಡಿ ಆಮೇಲೆ ಸ್ಟಾರ್ಟ್ ಮಾಡಿ. ತಕ್ಷಣ ಹಿಡಿದರೆ ಪೆಟ್ರೋಲ್ ಹಿಂದಕ್ಕೆ ಇಳಿಯದಂತೆ ತಡೆಯುವ, ಟ್ಯಾಂಕಿನ ಪಂಪಿನೊಳಗಿನ ಚೆಕ್ ವಾಲ್ವ್ ಅಥವಾ ತೊಟ್ಟಿಕ್ಕುವ ಇಂಜೆಕ್ಟರ್ ಕಾರಣ. ನೀಲಿ ಹೊಗೆ ಒಮ್ಮೆ ಬಂದು ನಿಂತರೆ ವಾಲ್ವ್ ಸೀಲ್ ಸವೆದಿದೆ, ಅವಸರವಿಲ್ಲ, ಆದರೆ ಆಯಿಲ್ ಮಟ್ಟದ ಮೇಲೆ ಕಣ್ಣಿರಲಿ. ದಟ್ಟ ಬಿಳಿ ಹೊಗೆ, ಸಿಹಿ ವಾಸನೆ, ವಾರವಾರ ಕೂಲೆಂಟ್ ಇಳಿಯುವುದು, ಈ ಮೂರೂ ಕೂಡಿದರೆ ಹೆಡ್ಡಿಗೂ ಇಂಜಿನ್ನಿಗೂ ನಡುವಿನ ಸೀಲ್, ಅಂದರೆ ಹೆಡ್ ಗ್ಯಾಸ್ಕೆಟ್, ಹೋಗಿದೆ. ಇಲ್ಲಿ ತಡ ಮಾಡಬೇಡಿ. ಇಂಜಿನ್ ಕಾದು ಹೆಡ್ ಸೊಟ್ಟಗಾದರೆ ಖರ್ಚು ಹಲವು ಪಟ್ಟು ಬೆಳೆಯುತ್ತದೆ, ಸಿಲಿಂಡರಿನಲ್ಲಿ ನೀರು ತುಂಬಿದಾಗ ಸೆಲ್ಫ್ ಹೊಡೆದರೆ ಕನೆಕ್ಟಿಂಗ್ ರಾಡೇ ಬಗ್ಗುತ್ತದೆ.

ಸಿಎನ್‌ಜಿ ಗಾಡಿ, ಡೀಸೆಲ್ ಗಾಡಿ

ಸಿಎನ್‌ಜಿ ಕಾರುಗಳಲ್ಲಿ ಹೆಚ್ಚಿನವು ಪೆಟ್ರೋಲಿನಲ್ಲೇ ಸ್ಟಾರ್ಟ್ ಆಗಿ, ಬಿಸಿಯಾದ ಮೇಲೆ ಗ್ಯಾಸಿಗೆ ಬದಲಾಗುತ್ತವೆ. ಪೆಟ್ರೋಲ್ ಉಳಿಸಲು ಟ್ಯಾಂಕಿನಲ್ಲಿ ತಳಮಟ್ಟ ಬಿಟ್ಟು ತಿಂಗಳುಗಟ್ಟಲೆ ಓಡಿಸಿದರೆ ಆ ಪೆಟ್ರೋಲ್ ಹಳಸುತ್ತದೆ, ಎಥನಾಲ್ ತೇವ ಹೀರುತ್ತದೆ, ಇಂಜೆಕ್ಟರ್ ಕಟ್ಟುತ್ತದೆ. ಕಾಲು ಟ್ಯಾಂಕ್ ತಾಜಾ ಪೆಟ್ರೋಲ್ ಇಟ್ಟು ವಾರಕ್ಕೊಮ್ಮೆ ಹತ್ತು ಹದಿನೈದು ಕಿ.ಮೀ. ಪೆಟ್ರೋಲಿನಲ್ಲೇ ಓಡಿಸಿ. ಗ್ಯಾಸ್ ಪೈಪ್, ರೆಗ್ಯುಲೇಟರ್ ಮಾತ್ರ ನೀವು ಮುಟ್ಟಬಾರದು.

ಡೀಸೆಲ್ಲಿನಲ್ಲಿ ಕಿಡಿಯ ಪ್ಲಗ್ಗಿಲ್ಲ, ಸಿಲಿಂಡರಿನ ಒಳಗನ್ನು ಕಾಯಿಸುವ ಗ್ಲೋ ಪ್ಲಗ್ ಇದೆ. ಸ್ಪ್ರಿಂಗಿನಾಕಾರದ ಹಳದಿ ದೀಪ ಆರುವವರೆಗೆ ಕಾಯದೆ ಸೆಲ್ಫ್ ಹೊಡೆಯುವುದೇ ಎಷ್ಟೋ ಸಲ ಕಾರಣ. ಕಾದರೂ ಬಿಳಿ ಹೊಗೆ, ನಡುಕ ಇದ್ದರೆ ಗ್ಲೋ ಪ್ಲಗ್ಗಿನ ವೈರ್ ತೆಗೆದು ತುದಿಗೂ ಬಾಡಿಗೂ ನಡುವೆ ಅಳೆಯಿರಿ. ಒಂದು ಓಮಿನ ಆಸುಪಾಸು ಬಂದರೆ ಸರಿ, ಏನೂ ತೋರಿಸದಿದ್ದರೆ ಸುಟ್ಟಿದೆ. ಬಿಚ್ಚುವ ಕೆಲಸ ಮೆಕ್ಯಾನಿಕ್ಕಿಗೇ ಬಿಡಿ. ಹಳೆಯ ಗ್ಲೋ ಪ್ಲಗ್ ಹೆಡ್ಡಿನೊಳಗೇ ಮುರಿದರೆ ತೆಗೆಯುವುದು ದೊಡ್ಡ ಪಾಡು. ಸ್ಟಾರ್ಟಿಂಗ್ ಸ್ಪ್ರೇಯನ್ನು ಗ್ಲೋ ಪ್ಲಗ್ ಇರುವ ಇಂಜಿನ್ನಿಗೆ ಎಂದಿಗೂ ಹೊಡೆಯಬೇಡಿ, ಕೆಂಪಗೆ ಕಾದ ತುದಿಗೆ ತಾಗಿ ಒಳಗೇ ಸಿಡಿಯುತ್ತದೆ.

ಯಾವಾಗ ನಿಲ್ಲಿಸಬೇಕು

ಚೆಕ್ ಇಂಜಿನ್ ದೀಪ ಸುಮ್ಮನೆ ಉರಿದರೆ ನಿಧಾನಕ್ಕೆ ತೋರಿಸಬಹುದು. ಮಿಣಿಮಿಣಿ ಮಿಟುಕಿದರೆ ಉರಿಯದ ಪೆಟ್ರೋಲ್ ಕ್ಯಾಟಲಿಟಿಕ್ ಕನ್ವರ್ಟರಿಗೆ ಹೋಗಿ ಅದನ್ನು ಸುಡುತ್ತಿದೆ, ರೇಸ್ ಮಾಡದೆ ಬದಿಗೆ ನಿಲ್ಲಿಸಿ. ಆಯಿಲ್ ದೀಪ ಆರದಿದ್ದರೆ, ಇಂಜಿನ್ ಒಳಗೆ ಲೋಹ ಬಡಿದ ಸದ್ದಾದರೆ, ಬಾನೆಟ್ಟಿನ ಅಡಿ ಹಸಿ ಪೆಟ್ರೋಲ್ ಕಂಡರೆ ಆ ಕ್ಷಣವೇ ಕೀ ತೆಗೆಯಿರಿ. ಪೆಟ್ರೋಲ್ ಲೈನ್ 3–4 ಬಾರ್ ಒತ್ತಡದಲ್ಲಿರುತ್ತದೆ, ಅದನ್ನು ಮನೆಯಲ್ಲಿ ಬಿಚ್ಚುವುದಲ್ಲ. ಕಂಪ್ರೆಷನ್ ಪರೀಕ್ಷೆ, ಇಂಜೆಕ್ಟರ್ ಕ್ಲೀನಿಂಗ್, ಟೈಮಿಂಗ್ ಚೈನ್ ಗ್ಯಾರೇಜಿನ ಕೆಲಸ.

ಗ್ಯಾರೇಜಿಗೆ ಕೊಡುವುದಾದರೆ ಹಿಂದಿನ ಸಂಜೆಯೇ ಬಿಟ್ಟು ಬನ್ನಿ. ಬೆಳಿಗ್ಗೆ ಮೊದಲ ಸ್ಟಾರ್ಟ್ ಮೆಕ್ಯಾನಿಕ್ಕೇ ಮಾಡಲಿ, ರಾತ್ರಿ ಗಾಡಿಯನ್ನು ಯಾರೂ ಆಚೀಚೆ ಸರಿಸದಿರಲಿ ಎಂದು ಹೇಳಿ. ಜೊತೆಗೊಂದು ಚೀಟಿ ಬರೆದುಕೊಡಿ: ಹೊರಗಿನ ಉಷ್ಣಾಂಶ, ಸೆಲ್ಫ್ ಎಳೆದ ಸೆಕೆಂಡ್, ಆರ್‌ಪಿಎಂ, ಹೊಗೆಯ ಬಣ್ಣ, ಎಷ್ಟು ನಿಮಿಷಕ್ಕೆ ಸರಿಹೋಯಿತು, ಯಾವ ಕೋಡ್, ನೀವು ಈಗಾಗಲೇ ಏನೇನು ಬದಲಿಸಿದ್ದೀರಿ. ನಡುಗುವಾಗ ಮೀಟರನ್ನೂ ಸೈಲೆನ್ಸರನ್ನೂ ಮೊಬೈಲಿನಲ್ಲಿ ಒಂದು ನಿಮಿಷ ವಿಡಿಯೊ ಮಾಡಿಟ್ಟರೆ ಇನ್ನೂ ಒಳ್ಳೆಯದು. ಕೋಡ್ ಅಳಿಸಿ ಕೊಡಬೇಡಿ. ಅದರ ಜೊತೆ ಉಳಿದಿರುವ ಫ್ರೀಜ್ ಫ್ರೇಮಿನಲ್ಲಿ ದೋಷ ಬಂದ ಕ್ಷಣದ ಉಷ್ಣಾಂಶ, ಆರ್‌ಪಿಎಂ ಎಲ್ಲ ದಾಖಲಾಗಿರುತ್ತದೆ, ಮೆಕ್ಯಾನಿಕ್ ಓದುವುದು ಅಲ್ಲಿಂದಲೇ.